ಉಜ್ಜಬಾರದ ಹಸಿರು

೧

ಕಾರಿನ ಬಣ್ಣದ ಬಗ್ಗೆ ಕಥೆ ಬರೆಯಲು ಹೊರಟವನು ಎಲ್ಲಿಂದ ಶುರು ಮಾಡಬೇಕು? ಬಾನೆಟ್‌ನಿಂದಲೋ, ಡಿಕ್ಕಿಯಿಂದಲೋ? ಮೊದಲ ಕರಡು ಹೀಗಿತ್ತು: 'ಆಕೆ ಕಿಟಕಿಯಿಂದ ಹೊರಗೆ ನೋಡಿದಳು. ಎಲ್ಲವೂ ಬೂದಾಗಿತ್ತು.' ಹರಿದು ಹಾಕಿದೆ. ಕಿಟಕಿಯಿಂದ ಹೊರಗೆ ನೋಡುವ ಹೆಂಗಸರನ್ನೆಲ್ಲ ಕಥೆಗಳಿಂದ ಇಳಿಸಿ ಒಂದೆಡೆ ಸೇರಿಸಿದರೆ ಒಂದು ಊರಾದೀತು. ಎರಡನೆಯ ಕರಡಿನಲ್ಲಿ ವಾಹನಗಳ ಬಣ್ಣದ ಚರಿತ್ರೆ ಹೇಳಲು ಹೋದೆ. ಎರಡನೇ ಪ್ಯಾರಾ ಮುಗಿಯುವ ಮುಂಚೆ ನನಗೇ ಆಕಳಿಕೆ ಬಂತು. ನೀವು ಪುಣ್ಯವಂತರು, ಅದನ್ನು ಓದಬೇಕಾಗಿಲ್ಲ.

ಮೂರನೇ ಸಲ ಪೆನ್ನು ಹಿಡಿದಾಗ ಕಥೆಯ ಹೆಂಗಸೇ ಬಾಯಿ ಬಿಟ್ಟಳು.

"ಶುರು ಮಾಡೋದಿದ್ರೆ ಬೇಗ ಮಾಡಿ. ನನಗೆ ಸೋಮವಾರ ಮೀಟಿಂಗ್ ಇದೆ."

ಸರಿ, ಮಾಡಿದೆ.

೨

ಅವಳು ಒಂದು ವಾಹನ ಕಂಪನಿಯ ಬಣ್ಣದ ವಿಭಾಗದಲ್ಲಿದ್ದಳು. ಇನ್ನು ಮೂರ್ನಾಲ್ಕು ವರ್ಷಕ್ಕೆ ಜನ ಯಾವ ಬಣ್ಣದ ಕಾರು ಕೇಳುತ್ತಾರೆ ಎಂದು ಇವತ್ತೇ ಹೇಳುವುದು ಅವಳ ಉದ್ಯೋಗ. ಹೆಚ್ಚುಕಡಿಮೆ ಜ್ಯೋತಿಷ್ಯವೇ, ಆದರೆ ಜ್ಯೋತಿಷಿಗೆ ಸಿಗುವ ಮರ್ಯಾದೆ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಿತ್ತಳೆ, ನೇರಳೆ, ನವಿಲುಬಣ್ಣ ಎಲ್ಲವನ್ನೂ ಹೊತ್ತುಕೊಂಡು ಮೀಟಿಂಗಿಗೆ ಹೋಗುತ್ತಿದ್ದಳು. ಜನರೂ ಶೋರೂಮಿಗೆ ಬಂದು ಕಿತ್ತಳೆ ಕಾರಿಗೆ ಒಂದು ಸುತ್ತು ಹಾಕಿ, ಮೈ ಸವರಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಕೊನೆಗೆ ಕೌಂಟರಿಗೆ ಹೋಗಿ "ಬಿಳೀದು ಇದೆಯಾ?" ಎಂದು ಕೇಳುತ್ತಿದ್ದರು. ಮುಂದೆ ಮಾರುವಾಗ ಬಿಳಿಗೆ ಬೆಲೆ ಬರುತ್ತದಂತೆ. ಇನ್ನೂ ಕೊಳ್ಳದ ಕಾರನ್ನು ಆಗಲೇ ಮಾರುವ ಯೋಚನೆ!

ಬಿಳಿ ಸಾಕೆನಿಸಿದವರು ಬೂದು ಕೇಳಿದರು. ಅವಳು ಬೂದು ಮಾಡತೊಡಗಿದಳು. ಮೋಡದ ಬೂದು, ಕಲ್ಲಿನ ಬೂದು, ನೀಲಿ ಬೆರೆತ ಬೂದು, ಮಿಂಚಿನ ಪುಡಿ ಹಾಕಿದ ಬೂದು, ಪುಡಿ ಹಾಕದೆ ಹಸಿ ಸಿಮೆಂಟಿನಂತೆ ಬಿಟ್ಟ ಬೂದು. ಒಂದಂತೂ ಥೇಟ್ ಇಲಿ. ಅದಕ್ಕೆ ಮಾರ್ಕೆಟಿಂಗಿನವರು 'ಅರ್ಬನ್ ಶ್ಯಾಡೋ' ಎಂದು ಹೆಸರಿಟ್ಟ ಮೇಲೆ ಜನ ಸಾಲುಗಟ್ಟಿ ನಿಂತು ಕೊಂಡರು. ಆಫೀಸಿನಲ್ಲಿ ಅವಳಿಗೆ ಬೂದಿ ಮೇಡಂ ಎಂದು ಹೆಸರು ಬಿತ್ತು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಆಮೇಲೆ ಎದುರಿಗೇ.

(ನಾನೂ ಹಾಗೇ ಕರೆಯುತ್ತೇನೆ. ಕೇಳಿದ್ದಕ್ಕೆ "ಏನಾದ್ರೂ ಕರ್ಕೊಳ್ಳಿ" ಎಂದಳು. ಇಷ್ಟು ಸುಸ್ತಾದ ಪಾತ್ರವನ್ನು ನಾನು ಈವರೆಗೆ ಬರೆದಿಲ್ಲ. ವಾಕ್ಯದ ನಡುವೆಯೇ ಕೂತುಬಿಡುತ್ತಾಳೆ. ಕೈ ಹಿಡಿದು ಪೂರ್ಣವಿರಾಮದವರೆಗೆ ನಡೆಸಬೇಕು.)

೩

ಆದರೂ ಬೂದಿ ಮೇಡಂ ಒಳಗೆ ಒಂದು ಹಸಿರು ಉಳಿದುಕೊಂಡಿತ್ತು. ಎಲೆಯನ್ನು ಮಗುಚಿದರೆ ಹಿಂಬದಿಯಲ್ಲಿ ಕಾಣುತ್ತದಲ್ಲ, ಅದು. ಮೇಲ್ಬದಿಯ ಮಿರುಗು ಇಲ್ಲದ, ತುಸು ಮಂಕಾದ, ನೋಡುತ್ತ ನಿಂತರೆ ಕಣ್ಣಿಗೆ ತಂಪಾಗುವ ಹಸಿರು. 'ಎಲೆಬೆನ್ನು' ಎಂದು ತಾನೇ ಹೆಸರಿಟ್ಟಿದ್ದಳು. ಅದು ಹೊಳೆಯುವ ಬಣ್ಣವಲ್ಲ, ಮ್ಯಾಟ್. ಈಚೆಗೆ ದುಬಾರಿ ಕಾರುಗಳಿಗೆ ಮ್ಯಾಟ್ ಫಿನಿಶ್ ಹೊಡೆಸುವುದು ಶೋಕಿಯಾಗಿತ್ತು. ಅದನ್ನು ನಿಮ್ಮ ನಮ್ಮಂಥವರ ಕಾರಿಗೂ ತರಬೇಕೆಂದು ಅವಳ ಆಸೆ.

ಒಂದೇ ತೊಡಕು. ಹೊಳೆಯುವ ಬಣ್ಣದ ಮೈ ಕನ್ನಡಿಯಂತೆ ನುಣ್ಣಗಿದ್ದರೆ ಮ್ಯಾಟ್‌ನ ಮೈ ಕಣ್ಣಿಗೆ ಕಾಣದಷ್ಟು ತರಿತರಿ. ಅದನ್ನು ಉಜ್ಜುವಂತಿಲ್ಲ. ಉಜ್ಜಿದರೆ ತರಿ ಸವೆದು ಅಷ್ಟು ಜಾಗ ಹೊಳೆಯತೊಡಗುತ್ತದೆ, ಬಂದ ಹೊಳಪು ಮತ್ತೆ ಹೋಗುವುದಿಲ್ಲ. ಬೇರೆ ಕಾರುಗಳಿಗೆ ಹೊಳಪು ಹೋಗುವುದು ರೋಗವಾದರೆ ಇದಕ್ಕೆ ಹೊಳಪು ಬರುವುದೇ ರೋಗ.

(ಇದನ್ನು ಯಾಕೆ ಹೇಳಿದೆ ಅಂತ ನಿಮಗೆ ಹೊಳೆದಿರಬೇಕು. ಪಳಗಿದ ಓದುಗರಾದರೆ ಆಗಲೇ ಬಟ್ಟೆ ಹಿಡಿದ ಕೈಯೊಂದನ್ನು ಹುಡುಕುತ್ತಿದ್ದೀರಿ. ತಡೆಯಿರಿ, ಕರೆತರುತ್ತೇನೆ.)

ವರ್ಷಗಟ್ಟಲೆ ಜಗ್ಗಾಡಿದ ಮೇಲೆ ಡೈರೆಕ್ಟರ್ ಒಂದೇ ಒಂದು ಕಾರಿಗೆ ಎಲೆಬೆನ್ನು ಹೊಡೆಯಲು ಒಪ್ಪಿದರು. ಲ್ಯಾಬಿನ ಪೇಂಟರ್ ಮೂರು ಸಲ ಹೊಡೆದು, ಮೂರು ಸಲ ಕೆರೆದು, ನಾಲ್ಕನೇ ಸಲಕ್ಕೆ ಗೆದ್ದ. ಸೋಮವಾರ ಬೆಳಿಗ್ಗೆ ಅಂಗಳದ ಬಿಸಿಲಲ್ಲಿ ನಿಲ್ಲಿಸಿ ಎಲ್ಲ ವಿಭಾಗದವರೂ ನೋಡಿ ತೀರ್ಮಾನ ಮಾಡುವುದೆಂದು ನಿಗದಿಯಾಯಿತು. ಅದಕ್ಕೆ ಮುಂಚೆ ಬೀದಿಯಲ್ಲಿ, ಮರದ ನೆರಳಿನಲ್ಲಿ, ಮನೆಯ ಗೋಡೆ ಪಕ್ಕದಲ್ಲಿ ಬಣ್ಣ ಹೇಗೆ ಕಾಣುತ್ತದೆಂದು ನೋಡುವುದು ಅವಳ ಪದ್ಧತಿ. ಶನಿವಾರ ಕಾರನ್ನು ಮನೆಗೆ ತಂದಳು.

೪

ಮನೆಯಲ್ಲಿದ್ದವರು ಮಾವ.

ಮಾವ ಎಂದರೆ ಗಂಡನ ತಂದೆ. ಗಂಡ ಇರಲಿಲ್ಲ. ಸತ್ತಿರಲಿಲ್ಲ, ಬಿಟ್ಟುಹೋಗಿದ್ದ. ಬೇರೊಬ್ಬಳೊಂದಿಗೆ ಸಂಸಾರ ಹೂಡಿದ ಮೇಲೆ ಒಂದು ದಿನ ಬಂದು ತನ್ನ ಬಟ್ಟೆ, ಶೂ, ಷೇವಿಂಗ್ ಸೆಟ್ಟು ಎಲ್ಲ ತುಂಬಿಕೊಂಡು, "ಅಪ್ಪಾ, ನಿಮ್ದೂ ಪ್ಯಾಕ್ ಮಾಡಿ, ಹೋಗೋಣ" ಎಂದಿದ್ದ. ಮಾವ ಹಿತ್ತಲ ಕಡೆ ನೋಡಿ, "ನನ್ನ ಬಟ್ಟೆ ಇನ್ನೂ ಒಣಗಿಲ್ಲ, ನೀನು ನಡಿ" ಎಂದರು. ಮಗ ಹೋದ. ಬಟ್ಟೆ ಒಣಗಿತು, ಮಡಚಿ ಅದೇ ಕಪಾಟಿನಲ್ಲಿ ಇಟ್ಟರು. ಆ ಬಗ್ಗೆ ಮಾವ ಸೊಸೆ ಯಾವತ್ತೂ ಮಾತಾಡಲಿಲ್ಲ. ಬೆಳಿಗ್ಗೆ ಅವರು ಟೀ ಮಾಡುತ್ತಿದ್ದರು. ಸಂಜೆ ಅವಳು ಬಂದಾಗ ಬಾಗಿಲು ತೆರೆದು, "ಬಂದ್ಯಾ?" ಎನ್ನುತ್ತಿದ್ದರು. ಎದುರಿಗೇ ನಿಂತಿರುವವಳನ್ನು ಬಂದೆಯಾ ಎಂದು ಕೇಳುವ ಒಬ್ಬರು ಮನೆಯಲ್ಲಿದ್ದರೆ ಎಷ್ಟೋ ಸಮಾಧಾನ.

ಕೆಲಸದಲ್ಲಿದ್ದಾಗ ಮಾವ ದೊಡ್ಡ ಹೋಟೆಲೊಂದರ ಡ್ರೈವರ್. ಅತಿಥಿಗಳನ್ನು ಕರೆತರುವ ಉದ್ದನೆಯ ಕಪ್ಪು ಕಾರು ಅವರದು. ಗಾಡಿ ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು ಎಂದು ಅವರೇ ನಗುತ್ತಿದ್ದರು. "ಬಾನೆಟ್ ನೋಡ್ಕೊಂಡು ಟೈ ಸರಿ ಮಾಡ್ಕೊಳ್ಳೋರು ಕಣಮ್ಮ, ಗೆಸ್ಟುಗಳು. ಕನ್ನಡಿ ಯಾತಕ್ಕೆ?"

೫

ಶನಿವಾರ ಸಂಜೆ ಮಾವ ಎಲೆಬೆನ್ನಿನ ಸುತ್ತ ಕೈಕಟ್ಟಿಕೊಂಡು ಎರಡು ಸುತ್ತು ಹಾಕಿದರು.

"ಇನ್ನೂ ಪಾಲಿಶ್ ಆಗಿಲ್ವಾ?"

"ಇದು ಹೀಗೇ ಇರೋದು ಮಾವ."

"ಹೀಗೇ ಅಂದ್ರೆ?"

"ಹೊಳಪು ಬೇಡ ಅಂತಾನೇ ಮಾಡಿರೋದು. ಈಗ ಇದೇ ಟ್ರೆಂಡು."

"ಹೊಳಪು ಬೇಡ ಅಂತ ಯಾರಾದ್ರೂ ಹೇಳ್ತಾರಾ?" ಮಾವ ಬಗ್ಗಿ ಬಾನೆಟ್ಟಿನಲ್ಲಿ ತಮ್ಮ ಮುಖ ಹುಡುಕಿದರು. ಸಿಗಲಿಲ್ಲ. "ಮಳೆಗೆ ಮುಂಚೆ ಧೂಳು ಕೂತ ಹಾಗಿದೆ."

ಅವಳು ವಿವರಿಸಬೇಕಿತ್ತು. ತರಿ, ಬೆಳಕು, ಸವೆತ ಎಲ್ಲವನ್ನೂ ಮಾರಾಟದವರಿಗೆ, ಲೆಕ್ಕದವರಿಗೆ, ಡೈರೆಕ್ಟರಿಗೆ ವಿವರಿಸಿ ವಿವರಿಸಿ ನಾಲಿಗೆ ಸವೆದಿತ್ತು. ಮನೆಯಲ್ಲೂ ಶುರು ಮಾಡಲು ಮನಸ್ಸಾಗಲಿಲ್ಲ. "ಸೋಮವಾರ ನೋಡ್ತಾರೆ. ಒಪ್ಪಿದ್ರೆ ಒಪ್ಪಿದ್ರು" ಎಂದು ಒಳಗೆ ಹೋದಳು.

"ಸೋಮವಾರ" ಎಂದು ಮಾವ ತಮ್ಮಷ್ಟಕ್ಕೆ ಹೇಳಿಕೊಂಡರು.

೭

(ಆರನೆಯದು ಇಲ್ಲ. ಅದರಲ್ಲಿ ಪಕ್ಕದ ಮನೆಯ ಮಗುವೊಂದು ಬಂದು ಕಾರಿನ ಮೇಲೆ ಗೀಚುತ್ತಿತ್ತು. ಬೂದಿ ಮೇಡಂ ಅಡ್ಡ ಬಂದಳು: "ಮಗು ಮೇಲೆ ಯಾಕೆ ಹಾಕ್ತೀರಿ? ಯಾರು ಮಾಡಿದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು." ಹೌದು, ಗೊತ್ತು. ಆದರೆ ಭಾನುವಾರ ಮಧ್ಯಾಹ್ನ ನಾನು ಮಾವನನ್ನು ವರಾಂಡದಲ್ಲಿ ಪೇಪರ್ ಓದುತ್ತ ಕೂರಿಸಿದ್ದೆ. ಆಣೆ ಮಾಡಿ ಹೇಳುತ್ತೇನೆ, ಕನ್ನಡಕವನ್ನೂ ಕೊಟ್ಟಿದ್ದೆ. ಅವರು ಎದ್ದು ಹೋದದ್ದು ನನ್ನನ್ನು ಕೇಳಿ ಅಲ್ಲ.)

ಭಾನುವಾರ ಊಟವಾದ ಮೇಲೆ ಅವಳು ಮಲಗಿದಳು. ಎಷ್ಟೋ ತಿಂಗಳಿಂದ ಬಾಕಿಯಿದ್ದ ನಿದ್ದೆ ಒಟ್ಟಿಗೇ ಬಂದು ಮೇಲೆ ಬಿದ್ದಂತೆ ಮಲಗಿದಳು. ಮಾವ ಪೇಪರ್ ಮಡಚಿಟ್ಟು, ಮಾಳಿಗೆಯ ಪೆಟ್ಟಿಗೆಯಿಂದ ತಮ್ಮ ಹಳೆಯ ಪಾಲಿಶ್ ಡಬ್ಬಿ ತೆಗೆದರು. ಮೆತ್ತನೆಯ ಬಟ್ಟೆ ಹುಡುಕಿದರು. ನೆರಳಿಗೆ ಕಾರು ನಿಂತಿತ್ತು. ನೆರಳಲ್ಲೇ ಪಾಲಿಶ್ ಹಾಕಬೇಕು, ಬಿಸಿಲಲ್ಲಿ ಹಾಕಿದರೆ ಕಲೆ ಬೀಳುತ್ತದೆ. ಅದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ.

ಮೊದಲು ಬಾನೆಟ್. ದುಂಡಗೆ ದುಂಡಗೆ, ಸಣ್ಣ ಸಣ್ಣ ಸುತ್ತು. ಸ್ವಲ್ಪ ಹೊತ್ತಿಗೆ ಹಸಿರಿನೊಳಗಿಂದ ಹೊಳಪು ಎದ್ದುಬಂತು. ಅವರಿಗೆ ಖುಷಿಯಾಯಿತು. ಲ್ಯಾಬಿನವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸುತ್ತಿದ್ದೇನೆ ಎಂದುಕೊಂಡರು. ಸೊಸೆ ಎದ್ದಾಗ ನೋಡಲಿ. ಸೋಮವಾರ ಅವಳ ದೊಡ್ಡ ದಿನ. ಅವಳು ಮಂಕಾದ ಕಾರನ್ನು ದೊಡ್ಡವರ ಮುಂದೆ ನಿಲ್ಲಿಸಿ ತಲೆತಗ್ಗಿಸುವಂತಾಗಬಾರದು. ವಯಸ್ಸಾಯಿತು, ಭುಜ ನೋಯುತ್ತಿತ್ತು. ಆದರೂ ಬಾನೆಟ್ ಅರ್ಧ ಮುಗಿಸಿ, ಡ್ರೈವರ್ ಬದಿಯ ಬಾಗಿಲಿಗೆ ಬಂದರು. ಅಷ್ಟರಲ್ಲಿ ಅವಳು ಎದ್ದು ಹೊರಗೆ ಬಂದಳು.

ಬಾನೆಟ್ಟಿನ ಮೇಲೆ ಯಾರೋ ನೀರು ಚೆಲ್ಲಿದ್ದಾರೆ ಎಂದೇ ಮೊದಲು ಅವಳಿಗೆ ಅನಿಸಿತು. ಕೈಯಿಂದ ಮುಟ್ಟಿದಳು. ಒಣಗಿತ್ತು.

"ಹೇಗಿದೆ?" ಎಂದರು ಮಾವ. ಹಣೆಯಲ್ಲಿ ಬೆವರು, ಮುಖದ ತುಂಬ ನಗು.

"ಏನು ಮಾಡಿದ್ರಿ?"

"ಇನ್ನೊಂದ್ ಕಡೆ ಇದೆ. ಕತ್ತಲಾಗೋದ್ರೊಳಗೆ ಮುಗಿಸ್ತೀನಿ."

"ಏನು ಮಾಡಿದ್ರಿ ಮಾವ! ಹೀಗೇ ಇರೋದು ಅಂತ ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ ನಿಮಗೆ?"

ಮಾವನ ಕೈ ನಿಂತಿತು. ಅವಳ ದನಿ ನಿಲ್ಲಲಿಲ್ಲ. ಇಷ್ಟು ವರ್ಷ ಆಫೀಸಿನಲ್ಲಿ ನುಂಗಿದ್ದು, ಗಂಡನ ಎದುರು ಆಡದೆ ಉಳಿಸಿಕೊಂಡದ್ದು, ಎಲ್ಲ ಸೇರಿ ಗಂಟಲಿಗೆ ಬಂದಿತ್ತು. ಬಂದದ್ದೆಲ್ಲ ಬಾಗಿಲ ಪಕ್ಕ ಮಂಡಿಯೂರಿ ಕೂತಿದ್ದ ಮುದುಕನ ಮೇಲೆ ಬಿತ್ತು. ಕೊನೆಗೆ ಹೇಳಿದಳು:

"ನಿಮ್ಮನ್ನ ಈ ಮನೇಲಿ ಯಾಕಿಟ್ಕೊಂಡಿದೀನೋ ನನಗೇ ಗೊತ್ತಿಲ್ಲ. ನಿಮ್ಮ ಮಗ ಇದ್ದಾನಲ್ಲ, ಅಲ್ಲಿಗೆ ಹೋಗಿ. ಅವನ ಕಾರು ಉಜ್ಜಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. (ಗಾದೆ ಬಳಸಬಾರದೆಂದುಕೊಂಡಿದ್ದೆ. ಆದರೆ ಇಲ್ಲಿ ನನಗಿಂತ ಚೆನ್ನಾಗಿ ಅದು ಹೇಳುತ್ತದೆ.)

ಮಾವ ಬಾಗಿಲ ಹಿಡಿ ಹಿಡಿದು ನಿಧಾನವಾಗಿ ಎದ್ದರು. "ಆಯ್ತಮ್ಮ" ಎಂದರು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಮೇಲಿಟ್ಟು ಒಳಗೆ ಹೋದರು.

೮

ಪೇಂಟರಿಗೆ ಫೋನ್ ಮಾಡಿದಳು.

"ಉಜ್ಜಿಬಿಟ್ಟಿದ್ದಾರಾ?" ಎಂದ ಅವನು. "ಹೋಯ್ತು ಮೇಡಂ. ಅದಕ್ಕೆ ಮದ್ದಿಲ್ಲ. ಬಾನೆಟ್, ಬಾಗಿಲು ಎರಡೂ ಮೊದಲಿಂದ ಹೊಡೀಬೇಕು. ಹೊಡೆದ್ರೂ ಉಳಿದ ಮೈಗೆ ಕೂಡ್ಕೊಳ್ಳುತ್ತೆ ಅಂತ ಗ್ಯಾರಂಟಿ ಇಲ್ಲ. ನಾಳೆಗಂತೂ ಆಗದ ಮಾತು." ಆಮೇಲೆ ಕೇಳಿದ: "ಯಾರು ಉಜ್ಜಿದ್ದು?"

"ನಮ್ಮ ಮನೆಯವರು" ಎಂದಳು. ಅಂದ ಮೇಲೆ ಆ ಪದ ಕಿವಿಯಲ್ಲೇ ಉಳಿಯಿತು. ಈಗ ತಾನೇ ಮನೆ ಬಿಟ್ಟು ಹೋಗಿ ಎಂದಿದ್ದು ಅವರಿಗೇ.

ರಾತ್ರಿ ಇಬ್ಬರೂ ಊಟದ ಮೇಜಿನ ಎರಡು ತುದಿಯಲ್ಲಿ ಕೂತು ಉಂಡರು. ಕ್ಷಮಿಸಿ ಎನ್ನಬೇಕೆಂದು ಅವಳಿಗೆ ಅನಿಸಿತು. ಆದರೆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅರ್ಧ ಸಿಟ್ಟಿನಲ್ಲಿ ಕೇಳಿದ ಕ್ಷಮೆ ಅರ್ಧ ಬೆಂದ ಅನ್ನದ ಹಾಗೆ. ನಾಳೆ ಕೇಳಿದರಾಯಿತು ಎಂದುಕೊಂಡಳು.

೯

ಇಲ್ಲಿ ನಾನೊಂದು ಒಳ್ಳೆಯ ಮುಕ್ತಾಯ ಯೋಚಿಸಿದ್ದೆ. ಸೋಮವಾರ ಬೆಳಿಗ್ಗೆ. ಅಂಗಳದಲ್ಲಿ ಕಾರು. ಡೈರೆಕ್ಟರ್ ಬಾನೆಟ್ಟಿನ ಹೊಳಪು ನೋಡಿ ಬೆರಗಾಗುತ್ತಾರೆ: ಅರ್ಧ ಮಂಕು, ಅರ್ಧ ಮಿರುಗು! ಜಗತ್ತಿನಲ್ಲಿ ಯಾರೂ ಮಾಡದ ಫಿನಿಶ್! ಚಪ್ಪಾಳೆ, ಪ್ರಶಸ್ತಿ. ವೇದಿಕೆಯ ಮೇಲೆ ಮಾವನಿಗೆ ಶಾಲು...

"ನೀವು ಯಾವತ್ತಾದ್ರೂ ಒಂದು ಮೀಟಿಂಗಲ್ಲಿ ಕೂತಿದ್ದೀರಾ?" ಎಂದು ಬೂದಿ ಮೇಡಂ ಕೇಳಿದಳು.

ಇಲ್ಲ ಎಂದೆ.

"ಗೊತ್ತಾಗುತ್ತೆ. ಹರಿದು ಹಾಕಿ."

ಹಾಕಿದೆ. ಚಪ್ಪಾಳೆಯ ಭಾಗ ಮಾತ್ರ ಚೆನ್ನಾಗಿ ಬಂದಿತ್ತು, ಸ್ವಲ್ಪ ಸಂಕಟವಾಯಿತು.

ನಿಜಕ್ಕೂ ಆದದ್ದು ಇಷ್ಟು. ಅಂಗಳದಲ್ಲಿ ಎಲ್ಲರೂ ಕಾಫಿ ಕಪ್ಪು ಹಿಡಿದು ನಿಂತರು. ಬಿಸಿಲು ಚೆನ್ನಾಗಿತ್ತು. ಉಜ್ಜದ ಕಡೆ ಎಲೆಬೆನ್ನು ಅವಳು ಅಂದುಕೊಂಡಿದ್ದಕ್ಕಿಂತ ಹಿತವಾಗಿ ಕಾಣುತ್ತಿತ್ತು. ಉಜ್ಜಿದ ಕಡೆ, ಎಣ್ಣೆ ಕೈ ಒರೆಸಿದ ಹಾಗೆ. ಡೈರೆಕ್ಟರ್ ಆ ಜಾಗದ ಮೇಲೆ ಬೆರಳಾಡಿಸಿ, "ಇದೇನು?" ಎಂದರು. ಸಾಗಾಣಿಕೆಯಲ್ಲಿ ಆಯಿತು ಎನ್ನಬಹುದಿತ್ತು. ಪೇಂಟರ್ ಅದಕ್ಕೆ ತಯಾರಾಗಿಯೇ ಪಕ್ಕದಲ್ಲಿ ನಿಂತಿದ್ದ. ಅವಳಿಗೆ ಸುಳ್ಳು ಕಟ್ಟುವಷ್ಟು ತ್ರಾಣ ಇರಲಿಲ್ಲ.

"ನಮ್ಮ ಮಾವ ಉಜ್ಜಿದ್ರು ಸರ್. ಪಾಲಿಶ್ ಆಗಿಲ್ಲ ಅಂದ್ಕೊಂಡು."

ಯಾರೋ ನಕ್ಕರು. ಸರ್ವೀಸ್ ವಿಭಾಗದ ಮುಖ್ಯಸ್ಥೆ ಮಾತ್ರ ನಗಲಿಲ್ಲ. ದಿನವೂ ಗಿರಾಕಿಗಳ ದೂರು ಕೇಳಿ ಕೇಳಿ ಹಣ್ಣಾದ ಹೆಂಗಸು. ಕಪ್ಪು ಕೆಳಗಿಟ್ಟು ಹೇಳಿದರು: "ತಮಾಷೆ ಅಲ್ಲ. ಎಲ್ಲರ ಮನೇಲೂ ಒಬ್ಬರು ಇರ್ತಾರೆ, ಬಟ್ಟೆ ಹಿಡ್ಕೊಂಡು. ಅಪ್ಪನೋ ಅಮ್ಮನೋ ಹೆಂಡತೀನೋ. ಹೊಸ ಕಾರು ಬಂತು ಅಂದ್ರೆ ಪ್ರೀತಿಯಿಂದ ಒರೆಸ್ತಾರೆ. ಕೈಪಿಡಿಯಲ್ಲಿ ಒರೆಸಬೇಡಿ ಅಂತ ಬರೆದ್ರೆ ಯಾರು ಓದ್ತಾರೆ? ಬಣ್ಣ ಮಾಡಿದವರ ಮನೇಲೇ ಓದಲಿಲ್ಲ."

ಅವಳು ಇಷ್ಟು ವರ್ಷ ಎಲೆಬೆನ್ನಿನ ಪರವಾಗಿ ಬೆಲೆ, ಫ್ಯಾಶನ್, ಸಮೀಕ್ಷೆ ಎಲ್ಲಕ್ಕೂ ಉತ್ತರ ಕೂಡಿಟ್ಟಿದ್ದಳು. ಬಟ್ಟೆ ಹಿಡಿದ ಕೈಯನ್ನು ಯಾವ ಸಮೀಕ್ಷೆಯೂ ಎಣಿಸಿರಲಿಲ್ಲ.

ಡೈರೆಕ್ಟರ್ ಕೆಟ್ಟ ಮನುಷ್ಯರಲ್ಲ. "ಹಸಿರು ಚೆನ್ನಾಗೇ ಇದೆ. ಬೂದು ಬಣ್ಣದಲ್ಲಿ ಇದರ ಛಾಯೆ ಸ್ವಲ್ಪ ತರೋಕಾಗುತ್ತಾ ನೋಡಿ. ಹೊಳಪಿರಲಿ" ಎಂದರು. ಅವಳು "ಆಗುತ್ತೆ ಸರ್" ಎಂದಳು. ಎಲ್ಲರೂ ಒಳಗೆ ಹೋದ ಮೇಲೆ ಪೇಂಟರ್ ಕೇಳಿದ, "ಇದನ್ನ ಏನು ಮಾಡ್ಲಿ?"

"ಕೆರೆದುಬಿಡು."

ಹೇಳಿದ ಮೇಲೆ ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಹಸಿವಾಯಿತು.

೧೦

ಸಂಜೆ ಬಸ್ಸಿಳಿದು ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. 'ಮಾವ, ನಿನ್ನೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ.' ಬಂದು ನೋಡಿದರೆ ಬಾಗಿಲಿಗೆ ಬೀಗ ಇತ್ತು. ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಒಳಗೆ ಟೀ ಪಾತ್ರೆ ತೊಳೆದು ಬೋರಲು ಹಾಕಿತ್ತು. ಕಪಾಟಿನಲ್ಲಿ ಅವರ ಬಟ್ಟೆ ಇಡುವ ಜಾಗ ಖಾಲಿ.

ಫೋನ್ ಬಂತು. ಗಂಡನದು. ಬಿಟ್ಟುಹೋದ ಮೇಲೆ ಅವನೇ ಮಾಡಿದ ಮೊದಲ ಫೋನ್.

"ಅಪ್ಪ ಇಲ್ಲಿ ಬಂದಿದ್ದಾರೆ. ಏನಾಯ್ತು?"

"ಅವರೇನಂದ್ರು?"

"ಏನೂ ಅನ್ನಲ್ಲ. ಮಗನ್ನ ನೋಡ್ಬೇಕು ಅನ್ನಿಸ್ತು, ಬಂದೆ ಅಂತಾರೆ. ಇಷ್ಟು ವರ್ಷ ಅನ್ನಿಸದೇ ಇದ್ದದ್ದು ಇವತ್ತು..."

"ಬರ್ತೀನಿ" ಎಂದು ಫೋನಿಟ್ಟಳು. ಅವನ ಮನೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಆ ಬೀದಿ ತಪ್ಪಿಸಲೆಂದು ಇಷ್ಟು ವರ್ಷ ಸುತ್ತು ಹಾಕಿ ಆಫೀಸಿಗೆ ಹೋಗುತ್ತಿದ್ದಳಲ್ಲ! ತನ್ನ ಕಾರು ತೆಗೆದಳು. (ಯಾವ ಬಣ್ಣ ಅಂತ ಕೇಳುತ್ತೀರಿ. ಬಿಳಿ. "ಮಾರುವಾಗ ಬೆಲೆ ಬರುತ್ತೆ" ಎಂದಳು, ನನ್ನ ಮುಖ ನೋಡದೆ.)

ಅಪಾರ್ಟ್‌ಮೆಂಟಿನ ಕೆಳಗೆ ಪಾರ್ಕಿಂಗಿನಲ್ಲಿ ಮಾವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಮಗನ ಕಾರು.

"ಬಂದ್ಯಾ?" ಎಂದರು, ಅಭ್ಯಾಸಬಲದಿಂದ.

ದಾರಿಯಲ್ಲಿ ಜೋಡಿಸಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ. "ಮಾವ, ತಪ್ಪಾಯ್ತು" ಎಂದಳು.

"ತಪ್ಪೇನು ಬಂತು. ಮಗ ಬದುಕಿರುವಾಗ ಸೊಸೆ ಮನೇಲಿ ಕೂತು ತಿಂದೆ. ನೀನು ಹೇಳಿದ್ದು ಸರೀನೇ."

"ಸರಿ ಅಲ್ಲ. ಸಿಟ್ಟಲ್ಲಿ ಅಂದೆ."

"ಸಿಟ್ಟಲ್ಲಿ ಅಂದಿದ್ದು ಸುಳ್ಳು ಅಂತ ಯಾರು ಹೇಳಿದ್ದು?" ಮಾವ ನಗಲಿಲ್ಲ, ಮುನಿಸಿನಿಂದಲೂ ಹೇಳಲಿಲ್ಲ. "ಹೋಗ್ಲಿ. ಮೀಟಿಂಗ್ ಏನಾಯ್ತು?"

ನಾನು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: ಒಪ್ಪಿದರು ಅನ್ನು. ಹೊಳಪು ಎಲ್ಲರಿಗೂ ಇಷ್ಟವಾಯಿತು ಅನ್ನು. ಮುದುಕ ಎರಡು ದಿನ ನೆಮ್ಮದಿಯಾಗಿ ನಿದ್ದೆ ಮಾಡಲಿ. ಓದುಗರಿಗೂ ಕಣ್ಣು ತೇವವಾಗುತ್ತದೆ. ಅವಳು ಕಿವಿಯ ಹತ್ತಿರ ಬಂದ ಸೊಳ್ಳೆಯನ್ನು ಓಡಿಸುವಂತೆ ಕೈ ಬೀಸಿದಳು.

"ಬೇಡ ಅಂದ್ರು ಮಾವ."

"ನಾನು ಉಜ್ಜಿದ್ದಕ್ಕಾ?"

"ಹೂಂ."

ಮಾವ ತಲೆಯಾಡಿಸಿದರು. ಅಂಗೈಯನ್ನು ಮೊಣಕಾಲಿಗೆ ಒರೆಸಿಕೊಂಡರು. ಆಮೇಲೆ ಅಂದರು: "ಹಾಗಾದ್ರೆ ಅದು ಒಳ್ಳೆ ಬಣ್ಣ ಅಲ್ಲ ಬಿಡು. ಒಂದು ಬಟ್ಟೆ ತಡ್ಕೊಳ್ಳದ ಬಣ್ಣ ಒಂದು ಬಣ್ಣವಾ?"

"ಒಳ್ಳೆ ಬಣ್ಣಾನೇ ಮಾವ!"

"ಮಂಕು."

"ಮಂಕಲ್ಲ. ನೀವು ಸರಿಯಾಗಿ ನೋಡ್ಲೇ ಇಲ್ಲ. ಹತ್ರ ಹೋಗಿ ಮುಖ ಹುಡುಕಿದ್ರಿ, ಅಷ್ಟೇ. ಕಾರು ನೋಡೋರು ಕಾರು ನೋಡ್ಬೇಕು, ಮುಖ ಅಲ್ಲ."

ಅವಳ ದನಿ ಏರಿತ್ತು. ಅಂಗಳದಲ್ಲಿ ಡೈರೆಕ್ಟರ್ ಮುಂದೆ ಏಳದ ದನಿ ಇಲ್ಲಿ, ಪಾರ್ಕಿಂಗಿನಲ್ಲಿ ಎದ್ದಿತ್ತು.

"ದೂರದಿಂದ ಚೆನ್ನಾಗಿತ್ತು" ಎಂದು ಮಾವ ಒಪ್ಪಿಕೊಂಡರು. "ಶನಿವಾರ ನೀನು ಗೇಟಲ್ಲಿ ತಿರುಗಿಸ್ಕೊಂಡು ಬಂದ್ಯಲ್ಲ, ಆಗ. ಮನೆ ಮುಂದೆ ಒಂದು ಗಿಡ ಬಂದ ಹಾಗಿತ್ತು." ಆಮೇಲೆ ಮಗನ ಕಾರಿನ ಕಡೆ ಗದ್ದ ಎತ್ತಿ ತೋರಿಸಿದರು. "ಇದಕ್ಕಿಂತ ವಾಸಿ. ಇದೇನು, ಇಲಿ ಥರ."

"ಅದೂ ನಂದೇ" ಎಂದಳು ಅವಳು.

ಇಬ್ಬರಿಗೂ ನಗು ಬಂತು. ಹೆಚ್ಚಲ್ಲ, ಸುಸ್ತಾದವರು ನಗುವಷ್ಟು.

ಮೆಟ್ಟಿಲ ಮೇಲಿಂದ ಒಬ್ಬ ಹೆಂಗಸು ಇಳಿದು ಬಂದಳು. ಹೊಸ ಹೆಂಡತಿ. ಕೈಯಲ್ಲಿ ಎರಡು ಲೋಟ ಟೀ. "ಅಕ್ಕಾ, ಮೇಲೆ ಬನ್ನಿ" ಎಂದಳು. ಯಾವ ಲೆಕ್ಕದಲ್ಲಿ ಅಕ್ಕ ಎಂದು ಬೂದಿ ಮೇಡಂ ಯೋಚಿಸಿದಳು. ಬೇರೆ ಪದ ಯಾವುದೂ ಸಿಗಲಿಲ್ಲ. ಟೀ ತೆಗೆದುಕೊಂಡಳು, ಮೇಲೆ ಹೋಗಲಿಲ್ಲ.

"ಮನೆಗೆ ಹೋಗೋಣ ಮಾವ."

ಮಾವ ಲೋಟದೊಳಗೆ ನೋಡುತ್ತ ಅಂದರು: "ಬಂದ ದಿನವೇ ಹೊರಟ್ರೆ ಈ ಹುಡುಗಿ ಏನಂದ್ಕೊಳ್ತಾಳೆ? ಒಂದ್ ನಾಲ್ಕು ದಿನ ಇರ್ತೀನಿ. ಅವನೂ ಮಗನೇ ಅಲ್ವಾ. ಬೈಯೋದು ಬಾಕಿ ಇದೆ."

ಅವಳು ಒಬ್ಬಳೇ ವಾಪಸಾದಳು.

೧೧

ಆ ವಾರ ಅವಳು ಆಫೀಸಿನಲ್ಲಿ ಹಸಿರು ಛಾಯೆಯ ಬೂದು ಬೆರೆಸಿದಳು. ಚೆನ್ನಾಗಿ ಬಂತು. ಚೆನ್ನಾಗಿ ಬಂತೆಂದು ಯಾರೋ ಹೇಳಿದರು, ಅವಳು ಹೌದಾ ಎಂದಳು. ಬೆಳಿಗ್ಗೆ ತಾನೇ ಟೀ ಮಾಡಿಕೊಂಡಳು. ಸಂಜೆ ತಾನೇ ಬೀಗ ತೆಗೆದಳು.

ಗುರುವಾರ ಮಾವನಿಗೆ ಫೋನ್ ಮಾಡಿದಾಗ ಅವರು, "ಇವಳು ಟೀ ಬಹಳ ಚೆನ್ನಾಗಿ ಮಾಡ್ತಾಳೆ ಕಣಮ್ಮ" ಎಂದರು.

ಫೋನಿಟ್ಟು ಅವಳು ಬಹಳ ಹೊತ್ತು ಅಡುಗೆಮನೆಯಲ್ಲಿ ನಿಂತಳು. ತನಗೆಂದು ಮಾಡಿಕೊಂಡ ಟೀಯನ್ನು ಸಿಂಕಿಗೆ ಸುರಿದಳು. ಹೊಟ್ಟೆಕಿಚ್ಚು! ಗಂಡ ಹೋದಾಗ ಬರದ ಹೊಟ್ಟೆಕಿಚ್ಚು ಮಾವ ಹೋದಾಗ ಬಂದಿತ್ತು. ಗಂಡ ಹೋದಾಗ ಅವಮಾನವಾಗಿತ್ತು, ಆಮೇಲೆ ಆರಾಮವೂ ಆಗಿತ್ತು. ಆ ಹೆಂಗಸಿಗೆ ತನ್ನಿಂದ ಏನನ್ನೋ ಕಿತ್ತುಕೊಂಡಳು ಎಂದು ಅವಳು ಯಾವತ್ತೂ ಶಾಪ ಹಾಕಿರಲಿಲ್ಲ. ಈಗ, ಒಂದು ಲೋಟ ಟೀಗೆ!

(ಇದು ನಾನು ಯೋಚಿಸಿದ್ದಲ್ಲ. ನನ್ನ ಯೋಜನೆಯಲ್ಲಿ ಅವಳು ಹಳೆಯ ಗಂಡನನ್ನು ನೆನೆದು ಮರುಗಬೇಕಿತ್ತು. ಅವಳು ಮರುಗಲಿಲ್ಲ. ನಾನು ಬರೆದದ್ದನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಬರೆದುಕೊಂಡೆ. ಒಮ್ಮೊಮ್ಮೆ ಲೇಖಕ ಎಂದರೆ ಗುಮಾಸ್ತ ಅಷ್ಟೇ.)

ಶನಿವಾರ ಮತ್ತೆ ಫೋನ್ ಮಾಡಿದಳು. "ನಾಳೆ ಬರ್ತೀನಿ ಮಾವ, ಕರ್ಕೊಂಡು ಹೋಗೋಕೆ. ನಿಮ್ಮನ್ನ ಯಾಕಿಟ್ಕೊಂಡಿದೀನೋ ಗೊತ್ತಿಲ್ಲ ಅಂದಿದ್ದೆನಲ್ಲ, ಈ ವಾರ ಗೊತ್ತಾಯ್ತು."

ಆ ಕಡೆ ಟಿ.ವಿ.ಯ ಸದ್ದು ತಗ್ಗಿತು.

"ಬಾ, ನೋಡೋಣ" ಎಂದರು ಮಾವ.

೧೨

ಭಾನುವಾರ ಬೆಳಿಗ್ಗೆ ಅವಳು ಆ ಮನೆಯ ಮೆಟ್ಟಿಲು ಹತ್ತಿದಳು. ಹಿಂದೆ ನಾನು, ನನ್ನ ಹಿಂದೆ ನೀವು. ಹತ್ತುತ್ತ ಅವಳಿಗೆ ಮುಕ್ತಾಯಗಳನ್ನು ತೋರಿಸಿದೆ. ಒಂದು: ಮಾವ ಚೀಲ ಹಿಡಿದು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಎರಡು: ಮಾವ ಬರುವುದಿಲ್ಲ. ಮಗನೊಂದಿಗೆ ರಾಜಿಯಾಗಿದೆ, ಹುಡುಗಿ ಒಳ್ಳೆಯವಳು. ಸೊಸೆ ಟೀ ಕುಡಿದು ಹಿಂತಿರುಗುತ್ತಾಳೆ. ಮೂರು: ಹದಿನೈದು ದಿನ ಇಲ್ಲಿ, ಹದಿನೈದು ದಿನ ಅಲ್ಲಿ. ಇದು ಯಾರಿಗೂ ಇಷ್ಟವಾಗದ ಮುಕ್ತಾಯ, ಆದ್ದರಿಂದ ಸಾಕಷ್ಟು ನಿಜವಾಗಿ ಕಾಣುತ್ತದೆ. ಯಾವುದು ಬೇಕು?

ಅವಳು ಉತ್ತರಿಸದೆ ಕರೆಗಂಟೆ ಒತ್ತಿದಳು. ಒಳಗೆ ಚಪ್ಪಲಿ ಎಳೆದುಕೊಂಡು ಬರುವ ಸದ್ದು. ಬಾಗಿಲು ತೆರೆಯಿತು. ಮಾವ ಏನೋ ಅಂದರು, ಅವಳೂ ಏನೋ ಅಂದಳು. ನಾನು ಕೇಳಿಸಿಕೊಳ್ಳಲು ಮುಂದೆ ಬಾಗಿದೆ. ಅವಳು ಹೊಸ್ತಿಲು ದಾಟಿ, ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ.

"ನೀವಿನ್ನು ಹೊರಡಿ" ಎಂದಳು. "ಇದು ಮನೆ ವಿಷಯ."

"ಒಂದು ಸಾಲು... ಓದುಗರು ಕಾಯ್ತಿದ್ದಾರೆ..."

"ಅವರಿಗೂ ಮನೆ ಇರುತ್ತಲ್ಲ. ಹೋಗಲಿ."

ಬಾಗಿಲು ಮುಚ್ಚಿತು.

ಈಗ ನಾನು ಕೆಳಗೆ ಪಾರ್ಕಿಂಗಿನಲ್ಲಿದ್ದೇನೆ. ಬಿಳಿ, ಬೂದು, ಬಿಳಿ, ಕಪ್ಪು, ಬೂದು. ನೀವೂ ಇನ್ನೂ ಇಲ್ಲೇ ಇದ್ದೀರಿ, ಪಾಪ. ಮೇಲಿನ ಮನೆಯಿಂದ ಕುರ್ಚಿ ಎಳೆದ ಸದ್ದು ಕೇಳಿತು. ಆಮೇಲೆ ಯಾರೋ ಜೋರಾಗಿ ಮಾತಾಡಿದರು. ಜಗಳವೋ, ಬರಿಯ ಮಾತೋ, ಬಣ್ಣದ ಬಗ್ಗೆಯೋ, ಯಾರು ಯಾರ ಮೇಲೆ ಕೂಗಿದರೋ, ನನ್ನನ್ನು ಕೇಳಬೇಡಿ. ಬಾಗಿಲು ದಪ್ಪಗಿದೆ.